ಸೋಲುವ ಆಟಕ್ಕೆ ಸೂತಕದ ರಜೆ

ಈ ಕೆಲಸಕ್ಕೆ ಹೊಸದಾಗಿ ಬಂದಿರುವ ನೀವಿಬ್ಬರು ಕೇಳಿದಿರಿ ಅಂತ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ. ಬೀಳ್ಕೊಡುವ ದಿನ ನನಗೆ ಶಾಲು ಹೊದಿಸಿ ದೊಡ್ಡ ದೊಡ್ಡ ಮಾತು ಆಡಿದರು. ಅದನ್ನು ಕೇಳಿ ಆಸೆಯಿಂದ ಬಂದಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಇದು ಬೈಸಿಕೊಳ್ಳುವ ಕೆಲಸ. ಗೆದ್ದವರಿಗೆ ನಿಮ್ಮ ನೆನಪು ಇರುವುದಿಲ್ಲ. ಸೋತವರು ಹಾದಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಗೊತ್ತಿಲ್ಲದವರು ಓದಿದರೂ ತಿಳಿಯಲಿ ಅಂತ ಆಟ ಎಂಥದ್ದು ಹೇಳುತ್ತೇನೆ. ಫೋನಿನಲ್ಲಿ ಆಡುವ ಪತ್ರ ಚದುರಂಗ ಇದು. ಎದುರುಬದುರು ಕೂತು ಆಡುವುದಲ್ಲ. ಒಬ್ಬರು ಕಾಶಿಯಲ್ಲಿ ಇರುತ್ತಾರೆ, ಇನ್ನೊಬ್ಬರು ಪಟ್ನಾದಲ್ಲಿ. ಒಬ್ಬರು ಒಂದು ಕಾಯಿ ನಡೆಸಿದರೆ ಎದುರಿನವರಿಗೆ ಉತ್ತರ ಕೊಡಲು ಮೂರು ದಿನ ಸಮಯ. ಹೀಗೆ ಒಂದೊಂದು ಆಟ ತಿಂಗಳುಗಟ್ಟಲೆ ನಡೆಯುತ್ತದೆ. ಊರಿಗೆ ಹೋಗಬೇಕು, ಜಡ್ಡಾಗಿದೆ ಅಂದರೆ ರಜೆ ಹಾಕಬಹುದು, ಆಗ ಗಡಿಯಾರ ನಿಲ್ಲುತ್ತದೆ. ಗೆಲ್ಲುವವರು ಚಹಾ ಆರುವುದರೊಳಗೆ ನಡೆಸಿಬಿಡುತ್ತಾರೆ. ಸೋಲುವವರಿಗೆ ಮಾತ್ರ ಊರು, ಜಡ್ಡು, ನೆಂಟರು ಎಲ್ಲಾ ಒಮ್ಮೆಲೇ ಬರುತ್ತವೆ. ಹಾಗೆ ಎಳೆಯುವವರನ್ನು ತಡೆಯುವುದೇ ನನ್ನ ಕೆಲಸವಾಗಿತ್ತು. ತೀರ್ಪುಗಾರ್ತಿ ಅಂತ ಹೆಸರು. ನನ್ನ ಮೊಮ್ಮಗಳು ಇಲ್ಲಿ ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಅವಳ ಹಿಂದಿಯಲ್ಲಿ ಅದು ‘ದಾದಿ ಕೀ ಕಚಹರಿ’, ಅಂದರೆ ಅಜ್ಜಿಯ ಕಚೇರಿ-ಕೋರ್ಟು.

ನಾನು ಈ ಕೆಲಸಕ್ಕೆ ಬಂದದ್ದು ಜಾಣತನದಿಂದ ಅಲ್ಲ. ನಮ್ಮ ಯಜಮಾನರು ಇಲ್ಲಿಯ ನಮ್ಮ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದರು, ನಾನು ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವರು ಧಾರವಾಡದ ಒಬ್ಬ ಸ್ನೇಹಿತನ ಜೊತೆ ಅಂಚೆ ಕಾರ್ಡಿನ ಮೇಲೆ ಚದುರಂಗ ಆಡುತ್ತಿದ್ದರು. ಮಣೆ ಕಪಾಟಿನ ಮೇಲೆ ಇರುತ್ತಿತ್ತು. ಧೂಳು ಹೊಡೆಯುವಾಗ ಕಾಯಿ ಎತ್ತಿ ಮತ್ತೆ ಇದ್ದಲ್ಲೇ ಇಡಬೇಕು, ಇಲ್ಲದಿದ್ದರೆ ಮನೆಯಲ್ಲಿ ಜಗಳ. ಇಟ್ಟು ಇಟ್ಟು ನನಗೆ ಆಟ ತಿಳಿಯಿತು. ಸ್ನೇಹಿತ ಸೋಲಿಗೆ ಬಂದಾಗೆಲ್ಲ ‘ನಿನ್ನ ಕಾರ್ಡು ಮುಟ್ಟಿಲ್ಲ’ ಅಂತ ಬರೆಯುತ್ತಿದ್ದ. ಇವರು ಅದೇ ನಡೆಯನ್ನು ಮತ್ತೊಂದು ಕಾರ್ಡಿನಲ್ಲಿ ಬರೆದು ಹಾಕುವರು. ಅವನಿಂದ ಬರುತ್ತಿದ್ದ ಉತ್ತರ: ‘ಮಸಿ ಅಳಿಸಿದೆ, ಮತ್ತೆ ಬರೆ.’ ಇವರು ನಗುತ್ತಲೇ ಮತ್ತೆ ಬರೆಯುವರು. ನನಗೆ ನಗು ಬರುತ್ತಿರಲಿಲ್ಲ. ಧೂಳು ಹೊಡೆಯುವವಳು ನಾನು, ಆಟ ಮುಗಿದರೆ ಮಣೆ ಮಡಚಿ ಒಳಗಿಡಬಹುದಿತ್ತಲ್ಲ.

ಯಜಮಾನರು ಹೋದ ಮೇಲೆ ಒಂದು ಯುಗಾದಿಯ ಊಟಕ್ಕೆ ಡಾಕ್ಟರ್ ಪ್ರಭಾಕರ ಮಠಕ್ಕೆ ಬಂದಿದ್ದರು. ಮೈಸೂರಿನವರು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಲುಬಿನ ಡಾಕ್ಟರು. ಉತ್ತರದ ಊರುಗಳಲ್ಲಿ ಚದುರಿ ಹೋಗಿರುವ ಕನ್ನಡದವರನ್ನೆಲ್ಲ ಸೇರಿಸಿ ಫೋನಿನಲ್ಲಿ ಈ ಕೂಟ ಕಟ್ಟಿದವರು ಅವರೇ. ಮಣೆ ಒರೆಸಿ ಕಾಯಿಗಳನ್ನು ಇದ್ದಲ್ಲೇ ಇಡುತ್ತಿದ್ದ ನನ್ನನ್ನು ನೋಡಿ ಕೇಳಿದರು.

“ಅಜ್ಜಿ, ನೀವು ಆಡ್ತೀರಾ?”

“ಇಲ್ರಿ. ಧೂಳ ಹೊಡಿತೀನಿ.”

“ಆಟ ಗೊತ್ತು, ಆದ್ರೆ ಆಡಲ್ಲ?”

“ಆಡಂಗಿಲ್ಲ.”

“ಹಾಗಾದ್ರೆ ನೀವೇ ಬೇಕು. ನಮ್ಮಲ್ಲಿ ಇರೋರೆಲ್ಲ ಆಡೋರೇ. ಒಬ್ಬರ ಮೇಲೆ ಇನ್ನೊಬ್ಬರು ದೂರು ಹೇಳ್ತಾರೆ, ಕೇಳೋರು ಯಾರೂ ಇಲ್ಲ.”

ಹೀಗೆ ರೊಟ್ಟಿ ಬಡಿಯುವವಳು ತೀರ್ಪುಗಾರ್ತಿ ಆದೆ.

ಮೊದಮೊದಲು ಎಲ್ಲರ ನೆಪವೂ ಸುಳ್ಳು ಅಂತಲೇ ನನ್ನ ಲೆಕ್ಕ. ಇಲ್ಲಿ ಗಂಗೆಯ ಆಚೆ ದಡದ ರಾಮನಗರದಲ್ಲಿದ್ದ ಒಬ್ಬ ಗುಮಾಸ್ತರು ಸೋಲುವ ಹೊತ್ತಿಗೆ ಸರಿಯಾಗಿ ಸುಮ್ಮನಾದರು. ಹೆಂಡತಿಯ ಫೋನಿನಿಂದ ಮಾತಾಡಿ, “ಕೋತಿ ನನ್ನ ಫೋನ್ ಹೊತ್ಕೊಂಡು ಹೋಯ್ತು ಅಮ್ಮ” ಅಂದರು. ನಾನು, “ಕೋತಿಗೇ ಹೇಳ್ರಿ, ಕುದುರಿ ನಡಸಲಿ” ಅಂದೆ. ಆದರೂ ಸೇತುವೆ ದಾಟಿ ಹೋಗಿ ನೋಡಿದೆ. ನಿಜವಾಗಿ ಎದುರು ಮನೆಯ ಮಾಳಿಗೆಯ ಅಂಚಿನಲ್ಲಿ ಕೋತಿ ಫೋನು ಹಿಡಿದು ಕೂತಿತ್ತು. ಗುಮಾಸ್ತರು ಕೆಳಗೆ ನಿಂತು ಮಾವಿನ ರಸದ ಪೊಟ್ಟಣ ತೋರಿಸುತ್ತಿದ್ದರು. ಅದು ಪೊಟ್ಟಣ ತೆಗೆದುಕೊಂಡಿತು, ಫೋನು ಕೆಳಗೆ ಬಿಸಾಕಿತು. ಗಾಜು ಒಡೆಯಿತು. ಅವರಿಗೆ ರಜೆ ಕೊಟ್ಟೆ. ಅಂದಿನಿಂದ ದೂರು ಬಂದರೆ ಹೋಗಿ ನೋಡುವುದು ಅಂತ ರೂಢಿ ಮಾಡಿಕೊಂಡೆ. ಊರಿನಲ್ಲೇ ಇದ್ದವರ ಮನೆಗೆ ಹೋಗುವೆ, ಹೊರಗಿನವರಾದರೆ ಫೋನಿನಲ್ಲಿ ಅವರ ಹೆಂಡತಿಯನ್ನೋ ಗಂಡನನ್ನೋ ಕೇಳುವೆ. ನೀವೂ ಹಾಗೇ ಮಾಡಿ. ಆಡುವವರು ಸುಳ್ಳು ಹೇಳಿದರೂ ಮನೆಯವರು ಅಷ್ಟು ಬೇಗ ಹೇಳುವುದಿಲ್ಲ.

ಹೋಗಿ ನೋಡಿದರೂ ತಿಳಿಯದಂಥದ್ದು ಒಂದು ಬಂತು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವ ವಸುಧಾ ಅಂತ ಒಬ್ಬರು, ಮೈಸೂರು ಕಡೆಯ ಬ್ರಾಹ್ಮಣರು. ಗೆಲ್ಲುವ ಆಟ ಇತ್ತು, ನಡೆಸಲೇ ಇಲ್ಲ. ಸಮಯ ಮೀರಿತು, ಸೋತರು ಅಂತ ಫೋನು ತೋರಿಸಿತು. ಆಗಿನ ನಿಯಮ ಅಷ್ಟೇ: ಸಮಯ ಮೀರಿದರೆ ಸೋಲು. ಅವರ ಮಾವನ ತಮ್ಮ ಮೈಸೂರಿನಲ್ಲಿ ತೀರಿಕೊಂಡಿದ್ದರಂತೆ. ಮನೆಯಲ್ಲಿದ್ದ ಅತ್ತೆ ಸೂತಕ ಕಳೆಯುವವರೆಗೆ ಆಟ ಮುಟ್ಟಬಾರದು ಅಂದಿದ್ದರಂತೆ. ಆ ಗಡಿಬಿಡಿಯಲ್ಲಿ ರಜೆ ಹಾಕಲೂ ನೆನಪಾಗಲಿಲ್ಲ.

ನಮ್ಮಲ್ಲಿ ಸೂತಕ ಇಲ್ಲ. ಕೊರಳಲ್ಲಿ ಲಿಂಗ ಇರುವವರು ನಾವು. ಮಣ್ಣು ಮಾಡಿ ಬಂದು, ಮೈ ತೊಳೆದುಕೊಂಡು, ಪೂಜೆ ಮಾಡಿ ಕೆಲಸಕ್ಕೆ ಹೋಗುತ್ತೇವೆ. ಯಜಮಾನರು ಹೋದ ಮಾರನೇ ದಿನವೂ ದಾಸೋಹದಲ್ಲಿ ನನ್ನ ಒಲೆ ಉರಿದಿತ್ತು. ಹಾಗಾಗಿ ವಸುಧಾಗೆ ನಾನು ಅಂದೆ, “ಸತ್ತವರು ಮೈಸೂರಾಗ, ಫೋನ ನಿಮ್ಮ ಕೈಯಾಗ. ನಡುವ ಇದು ಎಲ್ಲಿಂದ ಬಂತವ್ವ?” ಅವರು ಫೋನು ಇಟ್ಟರು.

ಅನ್ನಬೇಕಾದದ್ದನ್ನೆಲ್ಲ ಉಳಿದವರು ಅಂದರು. ಅಡುಗೆಮನೆ ಹೆಂಗಸಿಗೆ ಶಾಸ್ತ್ರ ಏನು ಗೊತ್ತು ಅಂದರು. ಕೆಲವರು ಕೂಟ ಬಿಡುತ್ತೇವೆ ಅಂತಲೂ ಹೇಳಿದರು. ಡಾಕ್ಟರು ಎಲ್ಲರನ್ನೂ ಸಮಾಧಾನ ಮಾಡಿ ಹೊಸ ನಿಯಮ ತಂದರು. ಸೂತಕದ ರಜೆ. ಸೂತಕ ಅಂತ ಒಂದು ಮಾತು ಬರೆದರೆ ಸಾಕು, ಆ ಆಟದ ಗಡಿಯಾರ ನಿಲ್ಲುತ್ತದೆ. ಸತ್ತವರು ಯಾರು, ಏನು ನೆಂಟಸ್ತನ, ಯಾರೂ ಕೇಳಬಾರದು. ಬೇರೆ ರಜೆಗಳಿಗೆ ಮಿತಿ ಇತ್ತು, ಇದಕ್ಕೆ ಇಲ್ಲ. ಸಾವಿಗೆ ಸಾಕ್ಷಿ ಕೇಳುವುದು ಸಣ್ಣತನ ಅಂತ ಡಾಕ್ಟರು ಅಂದರು. ನನಗೂ ಸರಿ ಅನ್ನಿಸಿತು. ಈಗ ಕೇಳಿದರೂ ಆ ಹೊತ್ತಿಗೆ ಅದು ಸರಿಯಾಗಿತ್ತು ಅಂತಲೇ ಹೇಳುತ್ತೇನೆ.

ಆಮೇಲೆ ನಡೆದದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ.

ನಮ್ಮ ಮಠದ ಮೇಲಿನ ಕೋಣೆಯಲ್ಲಿ ವೀರಪ್ಪ ಮಾಸ್ತರರು ಇದ್ದಾರೆ. ಗದಗ ಕಡೆ ಊರೂರಲ್ಲಿ ಮಾಸ್ತರಿಕೆ ಮಾಡಿ, ಕೆಲಸ ಮುಗಿದ ಮೇಲೆ ಕಾಶಿವಾಸ ಅಂತ ಬಂದವರು. ಚದುರಂಗ ಅಂದರೆ ಜೀವ. ಆದರೆ ಯಾವತ್ತೂ ಒಂದು ಪಂದ್ಯವನ್ನು ಕೊನೆಯವರೆಗೆ ಆಡಿದವರಲ್ಲ. ಒಮ್ಮೆ ವರ್ಗಾವಣೆ, ಒಮ್ಮೆ ಪರೀಕ್ಷೆಯ ಕೆಲಸ, ಒಮ್ಮೆ ಚುನಾವಣೆಯ ಕೆಲಸ, ಹೀಗೆ ನಡುವೆಯೇ ಬಿಟ್ಟು ಬಂದವರು. ಹೊಸ ನಿಯಮ ಬಂದ ಮೇಲೆ ನಡೆದ ನಮ್ಮ ಕೂಟದ ಪಂದ್ಯದಲ್ಲಿ ಒಬ್ಬೊಬ್ಬರನ್ನೇ ಸೋಲಿಸುತ್ತಾ ಕೊನೆಯ ಆಟದವರೆಗೆ ಬಂದರು. ಅವರ ಎದುರು ಆಡಬೇಕಾದವರು ಯಾರು ಅಂತ ತೀರ್ಮಾನ ಆಗಬೇಕಿತ್ತು. ಆ ಆಟ ವಸುಧಾ ಮತ್ತು ಅನಂತ ಭಟ್ಟರ ನಡುವೆ ನಡೆಯುತ್ತಿತ್ತು.

ಭಟ್ಟರು ಕುಂದಾಪುರ ಕಡೆಯವರು. ಹರಿಶ್ಚಂದ್ರ ಘಾಟಿನ ಹತ್ತಿರ ಮನೆ. ಅಸ್ಥಿ ಬಿಡಲು, ಪಿಂಡ ಹಾಕಲು ಬರುವ ನಮ್ಮ ನಾಡಿನವರಿಗೆ ಕರ್ಮ ಮಾಡಿಸುತ್ತಾರೆ. ಮಾತು ಬಲು ಚಂದ. ಅಳುತ್ತಾ ಬಂದವರು ಅವರ ಹತ್ತಿರ ನಗುತ್ತಾ ಹೋಗುತ್ತಾರೆ. ಆಟದಲ್ಲಿ ಮಾತ್ರ ಸೋಲು ಒಪ್ಪಿ ಫೋನಿನಲ್ಲಿ ‘ಸೋಲು’ ಅಂತ ಒತ್ತಿದ್ದನ್ನು ಯಾರೂ ಕಂಡಿಲ್ಲ. ಆ ಆಟದಲ್ಲಿ ಮಂತ್ರಿಯನ್ನು ಕಳೆದುಕೊಂಡಿದ್ದರು. ಇನ್ನು ಕೆಲವೇ ನಡೆ, ವಸುಧಾ ಗೆಲ್ಲುತ್ತಿದ್ದರು. ಆಗ ಭಟ್ಟರ ಸೂತಕದ ರಜೆ ಬಂತು.

ಸುಳ್ಳು ಸೂತಕ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರದು ದೊಡ್ಡ ಮನೆತನ, ದಾಯಾದಿಗಳು ಊರ ತುಂಬ. ಒಬ್ಬ ದೊಡ್ಡಪ್ಪ ಹೋದರು. ಆ ಸೂತಕ ಕಳೆದು ಎರಡು ನಡೆ ಆಡಿದರು, ಅದೂ ಮೂರು ಮೂರು ದಿನ ಪೂರ್ತಿ ತೆಗೆದುಕೊಂಡು. ಅಷ್ಟರಲ್ಲಿ ದೊಡ್ಡಪ್ಪನ ಕಡೆಯವರೇ ಇನ್ನೊಬ್ಬರು ಹೋದರು. ಅದೂ ನಿಜವೇ. ಊರಿನಿಂದ ಫೋನು ಬಂದಿದ್ದನ್ನು ಅವರ ಹೆಂಡತಿ ನನಗೆ ಹೇಳಿದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಮಾಸ್ತರರಿಗೆ ಚಹಾ ಕೊಡಲು ಮೇಲೆ ಹೋದೆ. ಮಣೆ ಮುಂದೆ ಇಟ್ಟುಕೊಂಡು ಕೂತಿದ್ದರು. ಹಕ್ಕಿ ನೋಡುವ ಹಾಗೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು.

“ಏನಾಗೇತ್ರಿ ಕುತ್ತಿಗಿಗೆ?” ಅಂದೆ.

“ಕುತ್ತಿಗಿಗೆ ಏನೂ ಆಗಿಲ್ಲ. ನಡುವ ನೋಡಿದ್ರ ಮೂಲ್ಯಾಗಿನ ಆನಿ ಕಾಣಂಗಿಲ್ಲ. ಆನಿ ನೋಡಬೇಕಂದ್ರ ತಲಿ ತಿರುಗಸಬೇಕು.”

ಕಣ್ಣಿನೊಳಗಿನ ಒತ್ತಡವಂತೆ. ಅಂಚಿನಿಂದ ಕತ್ತಲೆ ಮುಚ್ಚುತ್ತಾ ಬರುತ್ತದಂತೆ. ಹನಿ ಹಾಕುತ್ತಿದ್ದರು. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಹೆಚ್ಚು ದಿನ ಉಳಿಯುವ ಹಾಗಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರಂತೆ.

“ಫೈನಲ್ ಯಾವಾಗ್ರಿ ಗಿರಿಜವ್ವ?” ಅಂತ ಕೇಳಿದರು.

“ಭಟ್ಟರು ಆಟ ಮುಗಿಸಿದ ಕೂಡಲೇ.”

“ಕಣ್ಣು ಇರೂತನಕ ಒಂದು ಫೈನಲ್ ಆಡಬೇಕ್ರಿ. ಗೆಲ್ಲೂದು ಬಿಡೂದು ಆಮ್ಯಾಲ.”

“ಭಟ್ಟರಿಗೆ ಹೇಳ್ತೀನಿ.”

“ಏನಂತ? ಕುರುಡ ಕಾಯಾಕತ್ತಾನ ಅಂತನಾ? ಬ್ಯಾಡ. ಇಡೀ ಜೀವನ ಹುಡುಗರ ಮುಂದ ಕೋಲು ಹಿಡಕೊಂಡು ನಿಂತಾಂವ ನಾನು. ಕನಿಕರಕ್ಕ ಯಾರೂ ಆಟ ಬಿಟ್ಟುಕೊಡೂದು ಬ್ಯಾಡ. ಯಾರಿಗೂ ಹೇಳಬ್ಯಾಡ್ರಿ. ಪ್ರಭಾಕರ ಡಾಕ್ಟರಿಗೂ.”

ಮಾತು ಕೊಟ್ಟೆ. ಕೊಡದಿದ್ದರೂ ಹೇಳುವಂತಿರಲಿಲ್ಲ. ಒಬ್ಬ ಆಟಗಾರನ ಕಷ್ಟವನ್ನು ಇನ್ನೊಬ್ಬರ ಮುಂದೆ ಇಡಬಾರದು ಅನ್ನುವುದು ತೀರ್ಪುಗಾರರ ಮೊದಲ ನಿಯಮ. ಅದು ಒಳ್ಳೆಯದಕ್ಕೇ ಮಾಡಿದ್ದು. ಅಲ್ಲಿಯವರೆಗೆ ವಸುಧಾ ಜೊತೆ ಸುಮ್ಮನೆ ಒಂದು ಸಾದಾ ಆಟ ಆಡಿ ಅಂದೆ. ಮಾಸ್ತರರು ಕೇಳಲಿಲ್ಲ. “ಫೈನಲ್ ಆಡೋರು ಮೊದಲ ಆಡಿ ನೋಡಿದ್ರ ಇಬ್ಬರ ಗುಟ್ಟೂ ಹೋಗ್ತೈತಿ” ಅಂದರು. ಹಠ ಅವರದು.

ಟೋಟೋ ಅನ್ನುವ ಬ್ಯಾಟರಿ ರಿಕ್ಷಾ ಹಿಡಿದು ಗೋದೌಲಿಯಾ ಚೌಕಕ್ಕೆ ಬಂದು, ಆ ಗದ್ದಲದಲ್ಲಿ ಇಳಿದು, ಉಳಿದದ್ದು ನಡೆದು ಭಟ್ಟರ ಮನೆಗೆ ಹೋದೆ. ಒಂದು ಪಂಚೆ ಉಟ್ಟು, ಹಣೆ ಬರಿದು ಮಾಡಿಕೊಂಡು ಜಗಲಿಯಲ್ಲಿ ಕೂತಿದ್ದರು. ಕೈಯಲ್ಲಿ ಫೋನು.

“ಎಂತ ಗಿರಿಜಮ್ಮ, ಇಷ್ಟು ದೂರ? ಒಂದು ಫೋನು ಮಾಡಿದ್ರೆ ಆಗ್ತಿತ್ತಲ್ಲ.”

“ಮಾಡೀನ್ರಿ. ನೀವು ಎತ್ತಂಗಿಲ್ಲ.”

“ಸೂತಕ ಅಲ್ವಾ, ಫೋನು ಎತ್ತುದಿಲ್ಲ.”

“ಕೈಯಾಗಿಂದು ಏನ್ರಿ ಅದು?”

“ಇದು ಪಂಚಾಂಗ ನೋಡ್ಲಿಕ್ಕೆ. ನೀವು ಸ್ವಲ್ಪ ದೂರ ಕೂತ್ಕೊಳ್ಳಿ. ನಿಮಗೆ ಮೈಲಿಗೆ ಆದೀತು.”

“ನಮಗದು ಹತ್ತಂಗಿಲ್ಲ. ಬಿಸಲಾಗ ಬಂದೀನಿ, ಚಹಾ ಕೊಡಿಸ್ರಿ.”

ಒಳಗೆ ಅವರ ಹೆಂಡತಿಗೆ ಪೇಚಾಟ. ಸೂತಕದ ಮನೆಯಲ್ಲಿ ಹೊರಗಿನವರು ನೀರೂ ಕುಡಿಯುವುದಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಚಹಾ ಬಂತು. ಕುಡಿಯುತ್ತಾ ಕೇಳಿದೆ.

“ನಿನ್ನೆ ಪಟ್ನಾದ ಬ್ಯಾಂಕಿನವರ ಜೋಡಿ ಆಟದಾಗ ಕುದುರಿ ನಡಸೀರಿ. ಗೆಲ್ಲೋ ಆಟಕ್ಕ ಸೂತಕ ತಟ್ಟಂಗಿಲ್ಲೇನ್ರಿ?”

ಒಳಗಿನಿಂದ ನಗು ಕೇಳಿಸಿತು. ಭಟ್ಟರು ಆ ಕಡೆ ಒಮ್ಮೆ ನೋಡಿದರು.

“ಅದು ಕೈ ತಪ್ಪಿ ಒತ್ತಿದ್ದು.”

“ಕೈ ತಪ್ಪಿ ಅವರ ಆನಿ ಹೊಡದೀರಿ.”

“ನೋಡಿ ಗಿರಿಜಮ್ಮ, ವಸುಧಾ ಅವರ ಹತ್ತಿರ ನಾನು ಸೋತಿದ್ದೇನೆ ಅಂತ ನನಗೂ ಗೊತ್ತುಂಟು. ಆದ್ರೆ ಆ ಬೋರ್ಡಿನ ಮೇಲೆ ‘ಸೋತರು’ ಅಂತ ಹೆಸರಿನ ಕೆಳಗೆ ಬರ್ತದಲ್ಲ, ಅದು ನೋಡ್ಲಿಕ್ಕೆ ಆಗುದಿಲ್ಲ ನಂಗೆ. ಇರ್ಲಿ ಸ್ವಲ್ಪ ದಿನ. ನಿಯಮದಲ್ಲಿ ತಪ್ಪು ಎಂತ ಉಂಟು, ಹೇಳಿ.”

“ನಿಯಮದಾಗ ತಪ್ಪಿಲ್ಲ. ನಿಮ್ಮ ಹಿಂದ ಒಬ್ಬರು ಕಾಯಾಕತ್ತಾರ.”

“ಯಾರು, ಮಾಸ್ತರರಾ? ಅವರಿಗೆ ಎಂತ ಅವಸರ ಮಾರಾಯ್ತಿ? ಕಾಶಿವಾಸಕ್ಕೆ ಬಂದವರು, ಎಲ್ಲಿಗೂ ಹೋಗ್ಲಿಕ್ಕಿಲ್ಲ.”

ಚಹಾದ ಲೋಟ ಕೆಳಗಿಟ್ಟೆ. “ಮರ್ಯಾದಿ ಇದ್ರ ಆಟ ಮುಗಸ್ರಿ” ಅಂತಷ್ಟೇ ಹೇಳಿ ಎದ್ದೆ.

ಮನೆಗೆ ಬಂದು ಫೋನು ನೋಡಿದರೆ, ಭಟ್ಟರು ತಾವು ಆಡುತ್ತಿದ್ದ ಎಲ್ಲ ಆಟಗಳಿಗೂ ಸೂತಕದ ರಜೆ ಹಾಕಿಬಿಟ್ಟಿದ್ದರು. ಪಟ್ನಾದ ಆಟಕ್ಕೂ. ಒಂದೇ ನ್ಯಾಯ ಅಂತ ತೋರಿಸಲು. ಒಂದು ದೂರು ತೀರಿಸಲು ಹೋಗಿ ದೂರಿನ ರಾಶಿ ತಂದುಕೊಂಡೆ. ಪಟ್ನಾದವರು ನನ್ನನ್ನೇ ಬೈದರು. ನಾನು ಹೋಗದಿದ್ದರೆ ಅವರ ಆಟವಾದರೂ ನಡೆಯುತ್ತಿತ್ತಂತೆ. ಅದೂ ಖರೆ.

ಡಾಕ್ಟರ ಹತ್ತಿರ ಹೋದೆ. ಕ್ಯಾಂಪಸ್ಸಿನ ಮನೆಯಲ್ಲಿ, ಗಿಡಗಳಿಗೆ ನೀರು ಹಾಕುತ್ತಾ ಕೇಳಿಸಿಕೊಂಡರು.

“ಅಜ್ಜಿ, ನೀವು ಹೇಳೋದು ಸರಿ. ಆದ್ರೆ ಪಂದ್ಯದ ನಡುವೆ ನಿಯಮ ಬದಲಾಯಿಸಿದ್ರೆ ಅದು ನಿಯಮ ಅನ್ನಿಸಿಕೊಳ್ಳಲ್ಲ. ಇವತ್ತು ಭಟ್ಟರಿಗೋಸ್ಕರ ಬದಲಾಯಿಸ್ತೀವಿ, ನಾಳೆ ಇನ್ನೊಬ್ಬರಿಗೆ.”

“ಮಿತಿ ಹಾಕ್ರಿ ಅಂತೀನಿ. ಸೂತಕ ಬ್ಯಾಡ ಅನ್ನಾಕತ್ತಿಲ್ಲ.”

“ಸೂತಕಕ್ಕೆ ಮಿತಿ ಹಾಕೋಕೆ ನಾವ್ಯಾರು? ಅದೂ ನೀವು ಮಠದವರು. ಮಠದವರು ಭಟ್ಟರ ಸೂತಕ ಪ್ರಶ್ನಿಸಿದ್ರು ಅಂತ ಮಾತು ಬಂದ್ರೆ ಕೂಟ ಎರಡು ಹೋಳು ಆಗುತ್ತೆ. ಮೊದಲೇ ಒಮ್ಮೆ ಆಗಿದೆಯಲ್ಲ.”

“ಹೌದ್ರಿ. ನನ್ನ ಬಾಯಿಂದನ ಆಗೇತಿ. ಆದ್ರ ಕಾಯೋರಿಗೆ ಕಷ್ಟ ಐತ್ರಿ.”

“ಏನು ಕಷ್ಟ?”

ಮಾತು ಕೊಟ್ಟಿದ್ದೆ. “ಕಾಯೂದು ಕಷ್ಟ” ಅಂದೆ.

“ಮುಂದಿನ ಪಂದ್ಯದ ಹೊತ್ತಿಗೆ ಕೂತು ಯೋಚನೆ ಮಾಡೋಣ, ಅಜ್ಜಿ.”

ಡಾಕ್ಟರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದರೆ ಇವತ್ತಿಗೂ ಸಿಗುವುದಿಲ್ಲ. ಅವರ ಮನೆಯಿಂದ ಹಾಗೇ ವಸುಧಾ ಮನೆಗೆ ಹೋದೆ. ನೀವು ಒಂದು ದೂರು ಬರೆದುಕೊಡಿ, ನಿಮ್ಮ ಮಾತಿಗೆ ಬೆಲೆ ಇರುತ್ತದೆ ಅಂದೆ.

“ನನ್ನ ಸಲುವಾಗಿ ಬಂದ ನಿಯಮ ಅಜ್ಜಿ ಅದು” ಅಂದರು. “ನಾನೇ ಹೋಗಿ ಬೇಡ ಅಂದ್ರೆ ಜನ ಏನಂತಾರೆ? ಅತ್ತೆಗೆ ಗೊತ್ತಾದ್ರೆ ಮನೇಲಿ ಏನಾಗುತ್ತೆ? ನನಗೇನೂ ಅವಸರ ಇಲ್ಲ. ಆಡ್ಲಿ ಬಿಡಿ ನಿಧಾನಕ್ಕೆ.”

ಅವರಿಗೂ ಕಣ್ಣಿನ ವಿಷಯ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಎಲ್ಲರ ಮನೆಗೂ ಹೋಗಿ, ಎಲ್ಲರ ಚಹಾ ಕುಡಿದು, ಯಾರಿಗೂ ಹೇಳದೆ ವಾಪಸು ಬಂದೆ. ಇದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆ ಸಂಗತಿಯಲ್ಲಿ ನಿಯಮ ಮುರಿದವರು ಒಬ್ಬರೂ ಇಲ್ಲ. ಭಟ್ಟರು ಮುರಿಯಲಿಲ್ಲ, ಡಾಕ್ಟರು ಮುರಿಯಲಿಲ್ಲ, ನಾನೂ ಮುರಿಯಲಿಲ್ಲ.

ಮಾಸ್ತರರು ದಿನಾ ಬೆಳಿಗ್ಗೆ ಕೇಳುತ್ತಿದ್ದರು, “ಭಟ್ಟರದು ಏನಾತ್ರಿ?” ನಾನು, “ಸೂತಕ ಐತಿ” ಅನ್ನುವೆ. “ಯಾರು ಹೋದ್ರಂತ?” ಅಂತ ಕೇಳಿ ಅವರ ಹೆಸರಿಗೆ ಕೈ ಮುಗಿಯುವರು. ಆಮೇಲೆ ಮಣೆಯನ್ನು ಸ್ವಲ್ಪ ಸ್ವಲ್ಪ ಹತ್ತಿರ ಎಳೆದುಕೊಳ್ಳುವರು. ಫೋನಿನ ಚಿಕ್ಕ ಮಣೆ ಕಾಣದಾದಾಗ ಕಟ್ಟಿಗೆಯ ದೊಡ್ಡ ಮಣೆ ಇಟ್ಟುಕೊಂಡರು, ನಮ್ಮ ಯಜಮಾನರದು. ಅದೂ ಮಸುಕಾದಾಗ ಕಪ್ಪು ಕಾಯಿಗಳಿಗೆ ದಾರ ಕಟ್ಟಿಸಿಕೊಂಡರು, ಕೈಗೆ ಗೊತ್ತಾಗಲಿ ಅಂತ. ದಾರ ಕಟ್ಟಿದವಳು ನಾನು.

ಛಳಿ ಬಂದು ಹೋಯಿತು. ಭಟ್ಟರ ದಾಯಾದಿಗಳಲ್ಲಿ ಸಾಯುವವರು ಸತ್ತು ಮುಗಿದರೋ, ಅವರಿಗೇ ಬೇಸರ ಬಂತೋ, ಕೊನೆಗೆ ಆಟ ನಡೆಯಿತು. ಸೋಲು ಅಂತ ಒತ್ತಲಿಲ್ಲ. ರಾಜ ಮೂಲೆಗೆ ಬಿದ್ದು, ನಡೆಯಲು ಮನೆ ಇಲ್ಲದಾಗುವವರೆಗೆ ಆಡಿದರು. ವಸುಧಾ ಗೆದ್ದರು. ಫೈನಲ್ ಶುರುವಾಯಿತು ಅಂತ ನಾನು ಮೇಲೆ ಹೋಗಿ ಹೇಳಿದೆ.

ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬೆಳಕು ಎಲ್ಲಿದೆ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು ಆಗ.

“ಆಡ್ತೀರೇನ್ರಿ?” ಅಂದೆ.

“ಕುಂಡ್ರಿ. ಓದಿ ಹೇಳ್ರಿ.”

ಇನ್ನು ಮುಚ್ಚಿಡಲು ಆಗಲಿಲ್ಲ. ಮಾಸ್ತರರನ್ನು ಕೇಳಿಯೇ ವಸುಧಾಗೆ ಹೇಳಿ ಒಪ್ಪಿಗೆ ತೆಗೆದುಕೊಂಡೆ. ಅವರ ನಡೆಯನ್ನು ನಾನು ಓದುವೆ, ಮಾಸ್ತರರು ಕೈಯಿಂದ ಕಾಯಿ ಮುಟ್ಟಿ ನೋಡುವರು, ಹೇಳಿದ್ದನ್ನು ನಾನು ಫೋನಿನಲ್ಲಿ ಒತ್ತುವೆ. ಮೂರು ದಿನ ಇದ್ದರೂ ಅವರು ಅದೇ ದಿನ ಉತ್ತರ ಕೊಡುತ್ತಿದ್ದರು. ಎದುರಿನವರನ್ನು ಕಾಯಿಸಬಾರದು ಅನ್ನುವರು. ಮೊದಲು ಚೆನ್ನಾಗಿಯೇ ನಡೆಯಿತು. ಒಮ್ಮೆ ವಸುಧಾರ ಒಂಟೆ ಹೊಡೆದಾಗ ಪಾಠ ಒಪ್ಪಿಸಿದ ಹುಡುಗನ ಹಾಗೆ ನಕ್ಕರು.

ಆಟದ ನಡುವಿನಲ್ಲಿ ಒಂದು ದಿನ ಮಣೆಯ ಮೇಲೆ ಕೈಯಾಡಿಸುತ್ತಾ ನಿಲ್ಲಿಸಿದರು.

“ಈ ಕುದುರಿ ಇಲ್ಲಿಗೆ ಯಾವಾಗ ಬಂತ್ರಿ?”

“ಹೋದ ವಾರನ ಐತ್ರಿ ಅಲ್ಲಿ. ನೀವ ಉತ್ತರ ಕೊಟ್ಟೀರಿ.”

“ನನ್ನ ತಲ್ಯಾಗ ಅದು ಬ್ಯಾರೆ ಮನ್ಯಾಗ ಐತಿ.” ಮತ್ತೆ ಮುಟ್ಟಿದರು. ಮೊದಲಿನಿಂದ ಎಲ್ಲವನ್ನೂ ಮುಟ್ಟಿದರು. ದಾರ ಇದ್ದದ್ದು, ಇಲ್ಲದ್ದು. ಬಹಳ ಹೊತ್ತು ಹಾಗೇ ಮಾಡಿದರು. ಕಡೆಗೆ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು.

“ಸಿಗವಲ್ದು ಗಿರಿಜವ್ವ. ಕಾಯಿ ಕೈಗೆ ಸಿಗ್ತಾವ, ಆಟ ಸಿಗವಲ್ದು.”

“ಮೂರು ದಿನ ಐತ್ರಿ. ನಾಳೆ ನೋಡೂಣು.”

“ನಾಳೆ ಏನು ಕಣ್ಣು ಬರ್ತಾವೇನು? ಒತ್ತಿಬಿಡ್ರಿ.”

“ರಜಾ ಹಾಕ್ತೀನಿ. ನಿಮಗ ರಜಾ ಪೂರ್ತಿ ಉಳದೈತಿ.”

“ಸೋತಮ್ಯಾಲೆ ಎಳಿಯೂದು ನನಗ ಬರಂಗಿಲ್ಲ. ಒತ್ರಿ.”

ಒತ್ತಿದೆ. ಈ ಫೋನಿನಲ್ಲಿ ಸೋಲು ಒತ್ತಿದರೆ ಒಮ್ಮೆಲೇ ಆಗುವುದಿಲ್ಲ. ನಿಜವಾಗಿಯೂ ಸೋಲು ಒಪ್ಪುತ್ತೀರಾ ಅಂತ ಕೇಳುತ್ತದೆ. ಅದನ್ನು ಓದಿ ಹೇಳಿದೆ.

“ಎರಡೆರಡು ಸಲ ಕೇಳ್ತೈತೇನು?” ಅಂದರು. “ಭಟ್ಟರಿಗೆ ಬಾಳ ತ್ರಾಸ ಆಗಿರಬೇಕು, ಪಾಪ.”

ನಾನು 'ಹೌದು' ಒತ್ತಿದೆ.

ಕೂಡಲೇ ವಸುಧಾರ ಫೋನು ಬಂತು. “ಅಜ್ಜಿ, ಯಾಕೆ ಬಿಟ್ಟುಬಿಟ್ರು? ಆಟ ಸಮ ಇತ್ತು. ಅವರೇ ಸ್ವಲ್ಪ ಮುಂದಿದ್ರು ಅನ್ನಬಹುದು.” ಅದನ್ನು ಮಾಸ್ತರರಿಗೆ ನಾನು ಹೇಳಲಿಲ್ಲ. ನೀವೂ ಹೇಳಬೇಡಿ. ಇದನ್ನು ಅವರಿಗೆ ಓದಿ ಹೇಳುವವರು ಇದ್ದರೆ ಈ ಒಂದು ಮಾತು ಬಿಟ್ಟು ಓದಿ.

ಸುದ್ದಿ ಹರಿಶ್ಚಂದ್ರ ಘಾಟಿನವರೆಗೂ ಹೋಯಿತು. ಭಟ್ಟರು ಮಠಕ್ಕೆ ಬಂದರು. ಮೇಲೆ ಹತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಾತು ಬಲ್ಲ ಮನುಷ್ಯ ಮಾತಿಗೆ ತಡಕಾಡಿದರು.

“ಒಂದು ಮಾತು ಹೇಳಬಾರದಿತ್ತಾ ಗಿರಿಜಮ್ಮ? ಅವರ ಕಣ್ಣು ಹೋಗ್ತಾ ಉಂಟು ಅಂತ ಗೊತ್ತಿದ್ರೆ ಅವತ್ತೇ ಬಿಟ್ಟುಬಿಡ್ತಿದ್ದೆ.”

“ನೀವು ಸೋತೀರಿ ಅಂತ ನಿಮಗ ಗೊತ್ತಿತ್ತಲ್ರಿ. ಅಷ್ಟು ಸಾಲದಾಗಿತ್ತೇನು?”

ಅವರು ಒಂದು ಲೋಟ ನೀರು ಕೇಳಿದರು, ಕೊಟ್ಟೆ. ಮೇಲೆ ಹೋಗಿ ಮಾತಾಡಿಸಿ ಅಂದೆ. ಇನ್ನೊಂದು ದಿನ ಬರುತ್ತೇನೆ ಅಂದರು. ಇನ್ನೂ ಬಂದಿಲ್ಲ. ಈಗಲೂ ಕೂಟದಲ್ಲಿ ಆಡುತ್ತಾರೆ. ಸೋಲಿಗೆ ಬಂದರೆ ಬೇಗ ಸೋಲು ಒತ್ತುತ್ತಾರೆ, ಒಮ್ಮೊಮ್ಮೆ ಒತ್ತಬಾರದ ಕಡೆಯೂ ಒತ್ತುತ್ತಾರೆ.

ಅವರಿಗೆ ಹಾಗೆ ಅಂದೆನಲ್ಲ, ಆದರೆ ಭಟ್ಟರು ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಹೇಳಿದ್ದರೆ ಮಾಸ್ತರರಿಗೆ ಕಣ್ಣಿರುವಾಗಲೇ ಆಟ ಸಿಗುತ್ತಿತ್ತು, ಆದರೆ ಅವರು ಬೇಡ ಅಂದ ಕನಿಕರದ ಆಟ ಅದು. ಹೇಳದೆ ಏನಾಯಿತು ಅಂತ ನೋಡಿದಿರಿ. ಎರಡರಲ್ಲಿ ಯಾವುದು ಸರಿ ಅಂತ ಅಡುಗೆಮನೆಯಲ್ಲಿ ಕೂತು ಬಹಳ ಯೋಚನೆ ಮಾಡಿದ್ದೇನೆ, ಬಗೆಹರಿದಿಲ್ಲ. ಒಂದು ಮಾತ್ರ ತಿಳಿದಿದೆ. ಒಬ್ಬರ ಕಣ್ಣು ಹೋಗುತ್ತಿದೆ ಅಂತ ಊರಿಗೆಲ್ಲ ಸಾರಿದರೆ ಮಾತ್ರ ಆಟ ಹೊತ್ತಿಗೆ ಮುಗಿಯುತ್ತದೆ ಅನ್ನುವುದಾದರೆ ನಿಯಮದಲ್ಲೇ ಏನೋ ಕಡಿಮೆ ಇದೆ. ಕಾಯುವವರಿಗೆ ಕಾರಣ ಹೇಳುವ ಪಾಡು ಬರಬಾರದು.

ಅದಕ್ಕೇ ಈಗಿನ ನಿಯಮ. ನೀವು ನೋಡಿಕೊಳ್ಳಬೇಕಾದದ್ದು ಇದನ್ನೇ. ಸೂತಕದ ರಜೆ ಈಗಲೂ ಇದೆ, ಸಾಕ್ಷಿ ಕೇಳುವಂತಿಲ್ಲ. ಆದರೆ ಹಾಕಿದರೆ ಎಲ್ಲ ಆಟಕ್ಕೂ ಒಟ್ಟಿಗೆ ಹಾಕಬೇಕು, ಮತ್ತು ಪಂದ್ಯಕ್ಕೆ ಇಂತಿಷ್ಟು ಅಂತ ಇರುವ ಒಟ್ಟು ರಜೆಯಲ್ಲೇ ಅದು ಕಳೆಯುತ್ತದೆ. ಆಟ ತೀರ್ಮಾನ ಆದ ಹಾಗೆ ಕಂಡರೆ, ಕೂಟಕ್ಕೆ ಸಂಬಂಧ ಇಲ್ಲದ ಇಬ್ಬರಿಗೆ ಹೆಸರು ಮುಚ್ಚಿ ತೋರಿಸಿ, ಅವರು ಒಂದು ಕಡೆ ಸೋತಿದೆ ಅಂದರೆ ಅಲ್ಲಿಗೇ ಮುಗಿಸಬಹುದು. ನಿಮಗೆ ಈಗ ಆಟ ನೋಡಿ ಹೇಳುವ ಯಂತ್ರವೂ ಬಂದಿದೆ. ಉಪಯೋಗಿಸಿ. ಆದರೆ ಯಂತ್ರ ಆಡುವ ಇಬ್ಬರನ್ನು ಮಾತ್ರ ನೋಡುತ್ತದೆ, ಹಿಂದೆ ಕಾಯುತ್ತಾ ಕೂತವರ ಮನೆಗೆ ನೀವೇ ಹೋಗಬೇಕು.

ಡಾಕ್ಟರು ಹೇಳಿದ ಹಾಗೆ ಕೂತು ಯೋಚನೆ ಮಾಡಿದರು, ಎಲ್ಲರೂ ಒಪ್ಪಿದರು, ಭಟ್ಟರೇ ಮೊದಲು ಕೈ ಎತ್ತಿದರು. ಬರೆದ ನಿಯಮ ಹಿಡಿದುಕೊಂಡು ನಾನು ಮೇಲಿನ ಕೋಣೆಗೆ ಹೋಗಿ ಮಾಸ್ತರರಿಗೆ ಓದಿ ಹೇಳಿದೆ. ನನ್ನ ಓದು ನಿಧಾನ. ಕೊನೆಯವರೆಗೂ ತಲೆದೂಗುತ್ತಾ ಕೇಳಿದರು.

“ಚಲೋ ಮಾಡೀರಿ” ಅಂದರು. “ಯಾವಾಗಿಂದ ಜಾರಿ?”

“ಮುಂದಿನ ಪಂದ್ಯದಿಂದ್ರಿ.”

“ಹೂಂ” ಅಂದರು. ಕಿಟಕಿಯ ಕಡೆ ಮುಖ ತಿರುಗಿಸಿ, “ಬಿಸಲು ಆ ಕಡಿ ಹೋದಂಗ ಆಗೇತಿ. ಕುರ್ಚಿ ಒಂದೀಟು ಸರಸ್ರಿ” ಅಂದರು.

ಸರಿಸಿದೆ.